ಕಡಲಾಚೆಯ ಉಳಿ, ಇಲ್ಲಿಯ ಮರ

ಕೈಮರಗೆಲಸ ಕಲಿಯಬೇಕೆನ್ನುವವರು ನಮ್ಮಲ್ಲಿ ಹೆಚ್ಚುತ್ತಿದ್ದಾರೆ. ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸ ಮಾಡುತ್ತ ಬಾಲ್ಕನಿಯಲ್ಲೇ ಬೆಂಚು ಕಟ್ಟಿಕೊಂಡವರು, ಅಪ್ಪನ ಕಸುಬನ್ನು ಇನ್ನೊಂದು ಮಟ್ಟಕ್ಕೆ ಒಯ್ಯಬೇಕೆನ್ನುವ ಆಚಾರಿಗಳ ಮಕ್ಕಳು, ನಿವೃತ್ತರಾಗಿ ಊರು ಸೇರಿದವರು, ಎಲ್ಲರೂ ಮೈಸೂರಿನ ನನ್ನ ಕೆಲಸದ ಶೆಡ್ಡಿಗೆ ಬಂದು ಹೋಗುತ್ತಾರೆ. ಗೋಡೆಯ ಮೇಲಿನ ಕೆನಡಾದ ಹತ್ತರಿ, ಜಪಾನಿನ ಉಳಿ, ಫ್ರಾನ್ಸಿನ ಅರ ಕಣ್ಣಿಗೆ ಬಿದ್ದೊಡನೆ ಮಾತು ಅತ್ತ ತಿರುಗುತ್ತದೆ: ಎಲ್ಲಿಂದ ತರಿಸಿದಿರಿ, ಎಷ್ಟು ಬಿತ್ತು, ನಾವೂ ತರಿಸಬಹುದೆ?

ತರಿಸಬಹುದು. ಒಳ್ಳೆಯ ಸಲಕರಣೆ ಕೈಗೆ ಸಿಕ್ಕರೆ ಕೆಲಸದ ಗುಣವೇ ಬದಲಾಗುತ್ತದೆ, ಅದನ್ನು ವರ್ಷಗಳಿಂದ ಕಂಡಿದ್ದೇನೆ. ಹಾಗೆಯೇ ಇಲ್ಲಿಯ ಮರ, ಇಲ್ಲಿಯ ಕರೆಂಟು, ಇಲ್ಲಿಯ ಹವೆ, ಇಲ್ಲಿಯ ಸುಂಕ ಯಾವುದನ್ನೂ ಲೆಕ್ಕಕ್ಕೆ ಹಿಡಿಯದೆ ತರಿಸಿದ ದುಬಾರಿ ಸಲಕರಣೆಗಳು ಪೆಟ್ಟಿಗೆಯಲ್ಲೇ ಉಳಿದುಹೋದದ್ದನ್ನೂ ಹಲವರ ಮನೆಗಳಲ್ಲಿ ನೋಡಿದ್ದೇನೆ. ಅಂಥ ನಷ್ಟ ಇನ್ನೊಬ್ಬರಿಗೆ ಆಗದಿರಲೆಂದು ಇದನ್ನು ಬರೆಯುತ್ತಿದ್ದೇನೆ.

1. ನೀವು ಕೆತ್ತುವ ಮರ ಯಾವುದು?

ಪ್ರತಿ ದೇಶದ ಸಲಕರಣೆಯೂ ಆ ದೇಶದ ಮರಕ್ಕೆಂದು ಹುಟ್ಟಿದ್ದು. ಜಪಾನಿನ ಬಡಗಿ ಹೆಚ್ಚಾಗಿ ಕೆಲಸ ಮಾಡಿದ್ದು ಹಿನೊಕಿ, ಸುಗಿಯಂಥ ಮೆದು ಮರಗಳ ಮೇಲೆ. ಅಲ್ಲಿಯ ಹತ್ತರಿಯಲ್ಲಿ ಅಲಗು ಸಾಮಾನ್ಯವಾಗಿ 40 ಡಿಗ್ರಿಯ ಆಸುಪಾಸಿನಲ್ಲಿ ಕೂರುತ್ತದೆ. ಹಿನೊಕಿಯ ಮೇಲೆ ಎಳೆದರೆ ಬೆಳಕು ಹಾಯುವಷ್ಟು ತೆಳುವಾದ ಸಿಪ್ಪೆ ಬರುತ್ತದೆ. ಅದೇ ಹತ್ತರಿಯನ್ನು ಎಳೆಗಳು ಒಂದರೊಳಗೊಂದು ಹೆಣೆದುಕೊಂಡ ಹಲಸಿನ ಹಲಗೆಯ ಮೇಲೋ ಬೀಟೆಯ ಮೇಲೋ ಎಳೆದು ನೋಡಿ, ಮರ ಚೂರುಚೂರಾಗಿ ಕಿತ್ತು ಬರುತ್ತದೆ. ಅಮೆರಿಕ, ಇಂಗ್ಲೆಂಡಿನ ಮಾಮೂಲಿ ಹತ್ತರಿಯ ಕೋನ 45 ಡಿಗ್ರಿ. ನಮ್ಮ ತೇಗಕ್ಕೆ ಅದು ಸಾಕು. ಬೀಟೆ, ಮತ್ತಿ, ಹೊನ್ನೆ, ಹಲಸಿಗೆ 50ರಿಂದ 60 ಡಿಗ್ರಿವರೆಗಿನ ಕಡಿದಾದ ಕೋನ ಬೇಕೆಂಬುದು ನನ್ನ ಅನುಭವ.

ಈ ಕಾರಣಕ್ಕೇ ಹತ್ತರಿಗಳಲ್ಲಿ ನಾನು ಮೊದಲು ಸೂಚಿಸುವುದು ಅಲಗಿನ ಓರೆ ಮೇಲ್ಮುಖವಾಗಿ ಕೂರುವ ಹತ್ತರಿಯನ್ನು. ಕೆನಡಾದ ಲೀ ವ್ಯಾಲಿ ಸಂಸ್ಥೆ ತನ್ನ ವೆರಿಟಾಸ್ ಹೆಸರಿನಲ್ಲಿ ಮಾಡುವ ಇಂಥ ಹತ್ತರಿಯಲ್ಲಿ ಅಲಗಿನ ಹಾಸು 12 ಡಿಗ್ರಿ. ಅಲಗುಗಳು 25, 38, 50 ಡಿಗ್ರಿ ಓರೆಯಲ್ಲಿ ಬಿಡಿಯಾಗಿ ಸಿಗುತ್ತವೆ. 25ರದನ್ನು ಹಾಕಿದರೆ ಒಟ್ಟು ಕೋನ 37, ಹಲಗೆಯ ತಲೆಗಡೆ ಸವರಲು ಸರಿ. 38ರದು 50 ಆಗುತ್ತದೆ, 50ರದು 62. ಒಂದೇ ಹತ್ತರಿ, ಅಲಗು ಬದಲಿಸಿದರೆ ತೇಗಕ್ಕೂ ಆಯಿತು, ಹಠಮಾರಿ ಬೀಟೆಗೂ ಆಯಿತು. ಕಡಲಾಚೆಯಿಂದ ಒಂದು ತೂಕದ ವಸ್ತು ತರಿಸುವುದಾದರೆ ಅದು ಇಷ್ಟು ಕೆಲಸ ಮಾಡಬೇಕು.

ಗರಗಸದ್ದೂ ಇದೇ ಕತೆ. ಜಪಾನಿನ ಎಳೆಗರಗಸ ತೆಳ್ಳಗೆ, ಹಲ್ಲು ಉದ್ದ. ಒಣಗಿದ ಮತ್ತಿಯ ಗಂಟಿಗೆ ಸಿಕ್ಕರೆ ಹಲ್ಲು ಮುರಿಯುತ್ತದೆ. ಗಡಸು ಮರಕ್ಕೆಂದೇ ಬೇರೆ ಹಲ್ಲಿನ ಗರಗಸಗಳನ್ನು ಅಲ್ಲಿ ಮಾಡುತ್ತಾರೆ, ಕೇಳಿ ತರಿಸಬೇಕು. ಅಲಗು ಬದಲಿಸುವ ಮಾದರಿಗಳಲ್ಲಿ ಹಲ್ಲಿನ ತುದಿಯನ್ನಷ್ಟೇ ವಿದ್ಯುತ್ತಿನಿಂದ ಕ್ಷಣಮಾತ್ರ ಕಾಯಿಸಿ ಗಡಸುಗೊಳಿಸಿರುತ್ತಾರೆ. ಅದಕ್ಕೆ ಅರ ಹಿಡಿಯುವುದಿಲ್ಲ. ಹಲ್ಲು ಮೊಂಡಾದರೆ ಹೊಸ ಅಲಗೇ ಗತಿ, ಹಾಗಾಗಿ ಗರಗಸದ ಜೊತೆಗೇ ಒಂದು ಬದಲಿ ಅಲಗನ್ನೂ ತರಿಸಿಕೊಳ್ಳಿ.

2. ಅಂಗಡಿಯ ಬೆಲೆಯಿಂದ ಮನೆಬಾಗಿಲ ಬೆಲೆಗೆ

ಹೊರದೇಶದ ಅಂಗಡಿಯ ಬೆಲೆಯನ್ನು ರೂಪಾಯಿಗೆ ಪರಿವರ್ತಿಸಿ ಅಷ್ಟೇ ಎಂದುಕೊಳ್ಳುವವರೇ ಹೆಚ್ಚು. ನಮ್ಮಲ್ಲಿ ಸುಂಕ ಬೀಳುವುದು ವಸ್ತುವಿನ ಬೆಲೆಯ ಮೇಲಷ್ಟೇ ಅಲ್ಲ, ಅದಕ್ಕೆ ಸಾಗಣೆ, ವಿಮೆ ಸೇರಿದ ಮೊತ್ತದ ಮೇಲೆ. ಅದರ ಮೇಲೆ ಮೂಲ ಸುಂಕ, ಮೂಲ ಸುಂಕದ ಮೇಲೆ ಶೇ 10 ಸಮಾಜ ಕಲ್ಯಾಣ ಮೇಲ್ತೆರಿಗೆ, ಇವೆಲ್ಲ ಸೇರಿದ ಮೊತ್ತದ ಮೇಲೆ ಐಜಿಎಸ್‌ಟಿ. ತೆರಿಗೆಯ ಮೇಲೂ ತೆರಿಗೆ ಬೀಳುವುದು ಹೀಗೆ.

ಒಂದು ಲೆಕ್ಕ ಹಾಕೋಣ. ಹತ್ತರಿಯ ಬೆಲೆ 20,000 ರೂಪಾಯಿ, ಸಾಗಣೆ ಮತ್ತು ವಿಮೆ 4,000, ಮೂಲ ಸುಂಕ ಶೇ 10, ಐಜಿಎಸ್‌ಟಿ ಶೇ 18 ಎಂದಿಟ್ಟುಕೊಳ್ಳಿ. 24,000ದ ಮೇಲೆ ಸುಂಕ 2,400, ಮೇಲ್ತೆರಿಗೆ 240. ಒಟ್ಟು 26,640. ಅದರ ಮೇಲೆ ಐಜಿಎಸ್‌ಟಿ ಸುಮಾರು 4,795. ಮನೆಗೆ ಬರುವಾಗ 31,435. ಎಂದರೆ ಸಾಗಣೆ ಸೇರಿದ ಬೆಲೆಯ ಮೇಲೆ ಶೇ 31ರಷ್ಟು. ಸುಂಕವನ್ನು ಮುಂಗಡ ಕಟ್ಟಿದ್ದಕ್ಕೆ ಕೊರಿಯರ್ ಸಂಸ್ಥೆ ತನ್ನ ಶುಲ್ಕ ಸೇರಿಸುತ್ತದೆ, ಬ್ಯಾಂಕು ವಿದೇಶಿ ವಿನಿಮಯಕ್ಕೆಂದು ಶೇ 2ರಿಂದ 3.5 ಹಿಡಿಯುತ್ತದೆ, ಆ ಶುಲ್ಕದ ಮೇಲೂ ಜಿಎಸ್‌ಟಿ. 20,000ದ ಹತ್ತರಿ 33,000ದ ಹತ್ತಿರ ಬಂದು ನಿಲ್ಲುತ್ತದೆ. ದರಗಳು ಬಜೆಟ್ಟಿನಿಂದ ಬಜೆಟ್ಟಿಗೆ ಬದಲಾಗುತ್ತವೆ, ಲೆಕ್ಕದ ರೀತಿ ಮಾತ್ರ ಇದೇ. ಈ ಲೆಕ್ಕವನ್ನು ಕಾಗದದ ಮೇಲೆ ಹಾಕಿದ ಮೇಲೂ ಬೇಕು ಅನ್ನಿಸಿದರೆ ತರಿಸಿ.

ಉಳಿತಾಯಕ್ಕೂ ದಾರಿಗಳಿವೆ. ಬ್ರಿಟನ್ನಿನ ಅಂಗಡಿಗಳು ತೋರಿಸುವ ಬೆಲೆಯಲ್ಲಿ ಅಲ್ಲಿಯ ಶೇ 20 ತೆರಿಗೆ ಸೇರಿರುತ್ತದೆ. ಜರ್ಮನಿಯಲ್ಲಿ ಅದು ಶೇ 19, ಜಪಾನಿನಲ್ಲಿ ಶೇ 10. ದೇಶದಾಚೆ ಹೋಗುವ ಮಾಲಿಗೆ ಆ ತೆರಿಗೆ ಇಲ್ಲ. 120 ಪೌಂಡಿನ ಉಳಿ ಸೆಟ್ಟು ನಿಮಗೆ 100 ಪೌಂಡಿಗೆ ಸಿಗಬೇಕು. ಭಾರತದ ವಿಳಾಸ ತುಂಬಿದ ಮೇಲೂ ಬೆಲೆ ಇಳಿಯದಿದ್ದರೆ ಹಣ ಕಟ್ಟುವ ಮೊದಲೇ ಅಂಗಡಿಗೆ ಬರೆದು ಕೇಳಿ.

ಸಾಗಣೆಯಲ್ಲಿ ತೂಕಕ್ಕಿಂತ ಗಾತ್ರ ದುಬಾರಿಯಾಗುವುದುಂಟು. ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಗುಣಿಸಿ 5,000ದಿಂದ ಭಾಗಿಸಿದರೆ ಬರುವ ಸಂಖ್ಯೆಯನ್ನು ಕೊರಿಯರಿನವರು ಕಿಲೊ ಎಂದು ಎಣಿಸುತ್ತಾರೆ. 120 ಸೆಂಟಿಮೀಟರ್ ಉದ್ದ, 20 ಅಗಲ, 15 ಎತ್ತರದ ಪೆಟ್ಟಿಗೆಯೊಳಗೆ ಎಷ್ಟೇ ಹಗುರದ ವಸ್ತುವಿದ್ದರೂ ಅದು 7.2 ಕಿಲೊ. ಉದ್ದನೆಯ ಕ್ಲ್ಯಾಂಪುಗಳನ್ನು ಹೊರಗಿನಿಂದ ತರಿಸಬೇಡಿ ಎಂದು ಎಲ್ಲರಿಗೂ ಹೇಳುವುದು ಇದಕ್ಕೇ.

ಇನ್ನೊಂದು ಸಣ್ಣ ವಿಷಯ. ರಿಸರ್ವ್ ಬ್ಯಾಂಕಿನ 2020ರ ನಿಯಮದಿಂದಾಗಿ ಹೊಸ ಕಾರ್ಡುಗಳಲ್ಲಿ ವಿದೇಶಿ ಪಾವತಿ ಮುಚ್ಚಿರುತ್ತದೆ. ಬ್ಯಾಂಕಿನ ಆ್ಯಪ್‌ನಲ್ಲಿ ತೆರೆದುಕೊಳ್ಳಿ, ಕೊಂಡಾದ ಮೇಲೆ ಮುಚ್ಚಿಬಿಡಿ.

3. ಬಿಲ್ಲಿನಲ್ಲಿ ನಿಜ ಬರೆಸಿ, ಪೂರ್ತಿ ಬರೆಸಿ

ಕೆಲವು ಮಾರಾಟಗಾರರು ತಾವಾಗಿಯೇ ಬೆಲೆ ಕಡಿಮೆ ಬರೆಯುತ್ತೇವೆ, ಉಡುಗೊರೆ ಎಂದು ನಮೂದಿಸುತ್ತೇವೆ ಎನ್ನುತ್ತಾರೆ. ಒಪ್ಪಬೇಡಿ. ಅಂಚೆ, ಕೊರಿಯರಿನಲ್ಲಿ ಬರುವ ಉಡುಗೊರೆಗೆ ಇದ್ದ ಸುಂಕದ ವಿನಾಯಿತಿಯನ್ನು 2019ರ ಡಿಸೆಂಬರಿನಲ್ಲೇ ತೆಗೆದಿದ್ದಾರೆ, ಉಳಿದಿದ್ದು ರಾಖಿ ಮತ್ತು ಜೀವರಕ್ಷಕ ಔಷಧಕ್ಕೆ ಮಾತ್ರ. ಸುಳ್ಳು ಬೆಲೆ 1962ರ ಕಸ್ಟಮ್ಸ್ ಕಾಯ್ದೆಯಡಿ ತಪ್ಪು, ಮಾಲು ಜಪ್ತಿಯಾಗಬಹುದು, ದಂಡ ಬೀಳಬಹುದು. ದಾರಿಯಲ್ಲಿ ವಸ್ತು ಕಳೆದರೆ ವಿಮೆಯೂ ಆ ಸುಳ್ಳು ಬೆಲೆಗಷ್ಟೇ ಸಿಗುತ್ತದೆ.

ಬಿಲ್ಲಿನಲ್ಲಿ ಪ್ರತಿ ವಸ್ತುವಿನ ಹೆಸರು ಮತ್ತು ಸುಂಕದ ಶೀರ್ಷಿಕೆ ಸಂಖ್ಯೆ ಇರಲಿ. ಮರದ ಹತ್ತರಿ, ಉಳಿಗಳಿಗೆ 8205 30, ಗರಗಸಕ್ಕೆ 8202, ಅರಕ್ಕೆ 8203, ರೌಟರ್ ಬಿಟ್ಟಿಗೆ 8207, ಸಾಣೆಕಲ್ಲಿಗೆ 6804. ಬರಿದೇ 'ಸಲಕರಣೆ' ಎಂದು ಬರೆದಿದ್ದರೆ ಕೊರಿಯರಿನವರು ವೈಯಕ್ತಿಕ ಬಳಕೆಯ ವಸ್ತು ಎಂಬ 9804ರಡಿ ಹಾಕಿಬಿಡುವುದುಂಟು, ಅದರ ದರ ಬೇರೆಯಿರಬಹುದು. ಪಾರ್ಸೆಲ್ ಭಾರತ ತಲುಪುವ ಮೊದಲೇ ಆಧಾರ್, ಪ್ಯಾನ್ ವಿವರಗಳನ್ನು ಕೊರಿಯರ್ ಸಂಸ್ಥೆಗೆ ಕೊಟ್ಟಿಡಿ. ಸ್ವಂತ ಬಳಕೆಗೆ ಆಮದು ಪರವಾನಗಿಯ ಕೋಡ್ ಬೇಕಿಲ್ಲ.

4. ಉಕ್ಕಿನ ಹೆಸರಿಗೆ ಮರುಳಾಗಬೇಡಿ

ಸಲಕರಣೆ ಮಾರುವವರು ಈಗ ಉಕ್ಕಿನ ಹೆಸರನ್ನೇ ಮುಂದಿಡುತ್ತಾರೆ. ಹೆಸರುಗಳ ಹಿಂದಿನ ಗುಣ ತಿಳಿದಿದ್ದರೆ ಆಯ್ಕೆ ಸುಲಭ. ಓ-1 ಹಳೆಯ ಕಾಲದ ಹದದ ಉಕ್ಕು, ಬೇಗ ಸಾಣೆ ಹಿಡಿಯುತ್ತದೆ, ಒಳ್ಳೆಯ ಮೊನೆ ಬರುತ್ತದೆ, ಆದರೆ ತುಕ್ಕಿಗೆ ಬೇಗ ಬಲಿ. ಎ-2ರಲ್ಲಿ ಕ್ರೋಮಿಯಂ ಇದೆ. ಮೊನೆ ಹೆಚ್ಚು ಹೊತ್ತು ನಿಲ್ಲುತ್ತದೆ, ಸಾಣೆಗೆ ತಾಳ್ಮೆ ಬೇಕು, ತೀರ ಕಿರಿದಾದ ಕೋನಕ್ಕೆ ಉಜ್ಜಿದರೆ ಮೊನೆ ಸಣ್ಣಗೆ ಉದುರುತ್ತದೆ. ವೆರಿಟಾಸಿನವರು 2012ರಲ್ಲಿ ತಂದ ಪಿಎಂ-ವಿ11 ಲೋಹದ ಪುಡಿಯಿಂದ ಮಾಡಿದ್ದು. ತೇಗದೊಳಗೆ ಸಿಲಿಕಾ ಇರುತ್ತದೆ, ಅದು ಎಂಥ ಅಲಗನ್ನೂ ಮೊಂಡು ಮಾಡುತ್ತದೆ. ದಿನವಿಡೀ ತೇಗ ಸವರುವವರಿಗೆ ಪಿಎಂ-ವಿ11 ಕೊಟ್ಟ ಹಣಕ್ಕೆ ಮೋಸವಿಲ್ಲ, ಇದು ನನ್ನ ಖಚಿತ ಅಭಿಪ್ರಾಯ.

ಜಪಾನಿನ ಬಿಳಿ ಕಾಗದ, ನೀಲಿ ಕಾಗದ ಎಂಬ ಉಕ್ಕುಗಳು ಶಿಮಾನೆ ಪ್ರಾಂತದ ಯಸುಗಿಯವು. ಬಿಳಿಯದು ಹೆಚ್ಚುಕಡಿಮೆ ಶುದ್ಧ ಇಂಗಾಲದ ಉಕ್ಕು, ನೀಲಿಯಲ್ಲಿ ಟಂಗ್‌ಸ್ಟನ್, ಕ್ರೋಮಿಯಂ ಸೇರಿವೆ. ಮೆದು ಕಬ್ಬಿಣದ ಮೈಗೆ ಈ ಗಡಸು ಉಕ್ಕಿನ ತೆಳು ಪದರವನ್ನು ಕುಲುಮೆಯಲ್ಲಿ ಬೆಸೆಯುತ್ತಾರೆ. ಮಿಕಿ, ಸಾಂಜೋ ಊರುಗಳ ಕಮ್ಮಾರರ ಕೈಯಿಂದ ಬಂದ ಉಳಿಯ ಗಡಸುತನ ರಾಕ್‌ವೆಲ್ ಮಾಪನದಲ್ಲಿ 63ರಿಂದ 65. ಅದರಲ್ಲಿ ಬರುವಷ್ಟು ಚೂಪು ಬೇರೆ ಯಾವ ಉಳಿಯಲ್ಲೂ ನನಗೆ ಸಿಕ್ಕಿಲ್ಲ. ಆದರೆ ಅಷ್ಟು ಗಡಸು ಎಂದರೆ ಅಷ್ಟೇ ಪೆಡಸು. ನಮ್ಮಲ್ಲಿ ಹಳೆಯ ಮನೆ ಕೆಡವಿದ ತೊಲೆ, ಬಾಗಿಲುಗಳಿಂದ ಬಂದ ಮರವನ್ನು ಬಳಸುವವರು ಬಹಳ. ಅದರಲ್ಲಿ ಮುರಿದ ಮೊಳೆ ಎಲ್ಲಿ ಅಡಗಿರುತ್ತದೋ ಹೇಳಲಾಗದು. ಮೊಳೆಗೆ ತಾಗಿದರೆ ಜಪಾನಿ ಉಳಿಯ ಬಾಯಿ ಚಕ್ಕೆ ಹಾರುತ್ತದೆ. ಹಳೆಯ ಮರಕ್ಕೆ ಝೆಕ್ ದೇಶದ ನಾರೆಕ್ಸ್ ಉಳಿ ಬಳಸಿ: ಗಡಸುತನ 59ರಷ್ಟು, ಪೆಟ್ಟು ತಡೆಯುತ್ತದೆ, ಬೆಲೆಯೂ ಹೆಚ್ಚಲ್ಲ. ಜಪಾನಿನದನ್ನು ಹೊಸ ಮರದ ನಾಜೂಕು ಸಂದುಗಳಿಗೆ ಇಟ್ಟುಕೊಳ್ಳಿ. ನಮ್ಮ ಗಡಸು ಮರಕ್ಕೆ ಅದರ ಓರೆಯನ್ನು 30 ಡಿಗ್ರಿಗಿಂತ ಕಿರಿದು ಮಾಡಬೇಡಿ.

5. ಸಾಣೆ ಮೊದಲು

ಸಾಣೆ ಹಿಡಿಯಲು ಬಾರದವರ ಕೈಯಲ್ಲಿ 15,000 ರೂಪಾಯಿಯ ಉಳಿಯೂ ಎರಡೇ ವಾರಕ್ಕೆ ಮೊಂಡು. ಮೊದಲ ವಿದೇಶಿ ಖರೀದಿ ಸಾಣೆಕಲ್ಲೇ ಆಗಲಿ: 1000 ಗ್ರಿಟ್ಟಿನದೊಂದು, 6000 ಅಥವಾ 8000 ಗ್ರಿಟ್ಟಿನದೊಂದು. ಜಪಾನಿನ ನೀರುಕಲ್ಲು ಬೇಗ ಕೆಲಸ ಮಾಡುತ್ತದೆ, ಹಾಗೆಯೇ ಬೇಗ ಸವೆದು ನಡುವೆ ತಗ್ಗಾಗುತ್ತದೆ, ಆದ್ದರಿಂದ ಅದನ್ನು ಸಮ ಮಾಡಲು ಒಂದು ಡೈಮಂಡ್ ಪಟ್ಟಿ ಬೇಕು. ಕಲ್ಲು ಭಾರ, ದಾರಿಯಲ್ಲಿ ಒಡೆಯುವ ವಸ್ತು. ಉಳಿಯ ಜೊತೆ ಒಂದೇ ಪೆಟ್ಟಿಗೆಯಲ್ಲಿ ಕಳಿಸುವಾಗ ಪ್ರತ್ಯೇಕವಾಗಿ ಸುತ್ತಿಸಿ ಎಂದು ಬರೆದು ಕೇಳಿ. ಕಾರ್ಬೊರಂಡಂನ ಒರಟು ಕಲ್ಲು ನಮ್ಮ ಹಾರ್ಡ್‌ವೇರ್ ಅಂಗಡಿಯಲ್ಲೇ ಸಿಗುವಾಗ ಅದನ್ನು ಹೊರಗಿನಿಂದ ಹೊತ್ತು ತರುವ ಅಗತ್ಯವಿಲ್ಲ.

6. ಪ್ಲಗ್ಗು ಬದಲಿಸಿದರೆ ಮುಗಿಯುವುದಿಲ್ಲ

ಅತಿ ಹೆಚ್ಚು ಹಣ ಹಾಳಾಗುವುದು ವಿದ್ಯುತ್ ಯಂತ್ರಗಳಲ್ಲಿ. ನಮ್ಮದು 230 ವೋಲ್ಟ್, 50 ಹರ್ಟ್ಸ್. ಅಮೆರಿಕ, ಕೆನಡಾದಲ್ಲಿ 120 ವೋಲ್ಟ್, 60 ಹರ್ಟ್ಸ್. ಜಪಾನಿನಲ್ಲಿ 100 ವೋಲ್ಟ್, ಅದೂ ದೇಶದ ಪೂರ್ವದಲ್ಲಿ 50 ಹರ್ಟ್ಸ್, ಪಶ್ಚಿಮದಲ್ಲಿ 60. ಜರ್ಮನಿ, ಆಸ್ಟ್ರೇಲಿಯಾ ನಮ್ಮಂತೆಯೇ. ಬ್ರಿಟನ್ ಕೂಡ ನಮ್ಮಂತೆಯೇ, ಆದರೆ ಅಲ್ಲಿ ಕಟ್ಟಡದ ಕೆಲಸಕ್ಕೆಂದು ಮಾರುವ ಹಳದಿ ಪ್ಲಗ್ಗಿನ ಯಂತ್ರಗಳು 110 ವೋಲ್ಟಿನವು, ಕೊಳ್ಳುವಾಗ ಕಣ್ಣಿಟ್ಟು ನೋಡಬೇಕು.

ಟ್ರಾನ್ಸ್‌ಫಾರ್ಮರ್ ಹಾಕಿಕೊಂಡರಾಯಿತು ಎನ್ನುವವರಿದ್ದಾರೆ. ಟ್ರಾನ್ಸ್‌ಫಾರ್ಮರ್ ವೋಲ್ಟೇಜನ್ನು ಮಾತ್ರ ಬದಲಿಸುತ್ತದೆ, ಹರ್ಟ್ಸನ್ನು ಮುಟ್ಟುವುದಿಲ್ಲ. ರೌಟರ್, ಕೈ ಡ್ರಿಲ್ಲಿನಂಥ ಬ್ರಷ್ ಮೋಟಾರಿನ ಯಂತ್ರಗಳಿಗೆ ಹರ್ಟ್ಸಿನ ವ್ಯತ್ಯಾಸ ಅಷ್ಟಾಗಿ ತಟ್ಟದು, ತಕ್ಕ ಶಕ್ತಿಯ ಟ್ರಾನ್ಸ್‌ಫಾರ್ಮರ್ ಇದ್ದರೆ ನಡೆಯುತ್ತವೆ. ಬ್ಯಾಂಡ್ ಸಾ, ಪ್ಲೇನರಿನಂಥ ಇಂಡಕ್ಷನ್ ಮೋಟಾರಿನ ಯಂತ್ರಗಳದು ಬೇರೆ ವಿಷಯ. 60 ಹರ್ಟ್ಸಿಗೆ ಕಟ್ಟಿದ ಮೋಟಾರು ನಮ್ಮ 50 ಹರ್ಟ್ಸಿನಲ್ಲಿ ಆರರಲ್ಲಿ ಐದು ಪಾಲು ವೇಗಕ್ಕೆ ಇಳಿಯುತ್ತದೆ, ಅದೇ ವೋಲ್ಟೇಜ್ ಕೊಟ್ಟರೆ ಕಾಯುತ್ತದೆ, ಕೊನೆಗೆ ಸುತ್ತಿದ ತಂತಿ ಸುಟ್ಟುಹೋಗುತ್ತದೆ. ಅಮೆರಿಕದ ದೊಡ್ಡ ಯಂತ್ರದ ಮೇಲೆ 240 ವೋಲ್ಟ್ ಎಂದಿರುವುದನ್ನು ನೋಡಿ ನಿರಾಳರಾಗಬೇಡಿ, ಪಕ್ಕದಲ್ಲಿ 60 ಹರ್ಟ್ಸ್ ಎಂದೂ ಬರೆದಿರುತ್ತದೆ. ಇಂಥ ಯಂತ್ರ ಬೇಕಾದರೆ ಯುರೋಪಿನದನ್ನು ನೋಡಿ, ಇಲ್ಲವೇ ಇಲ್ಲಿ ಅಧಿಕೃತ ಮಾರಾಟಗಾರರಿರುವ ಕಂಪನಿಯದನ್ನು ಕೊಳ್ಳಿ. ನನ್ನ ಸ್ಪಷ್ಟ ಸಲಹೆ ಎಂದರೆ ಕೈಸಲಕರಣೆ ಹೊರಗಿನಿಂದ, ಮೋಟಾರು ಇರುವುದು ಒಳಗಿನಿಂದ. ವಾರಂಟಿ ಸಾಮಾನ್ಯವಾಗಿ ಕೊಂಡ ದೇಶಕ್ಕೆ ಸೀಮಿತ. ಕಾರ್ಬನ್ ಬ್ರಷ್ಷೊಂದು ಸವೆದರೆ ಅದನ್ನೂ ಕಡಲು ದಾಟಿಸಿ ತರಿಸಬೇಕಾದೀತು.

ಬ್ಯಾಟರಿ ಯಂತ್ರಗಳಲ್ಲಿ ಲಿಥಿಯಂ ಬ್ಯಾಟರಿಯನ್ನು ಅಂಚೆಯಲ್ಲಿ, ಸಾಮಾನ್ಯ ಕೊರಿಯರಿನಲ್ಲಿ ಕಳಿಸಲು ಬಿಗಿ ನಿರ್ಬಂಧಗಳಿವೆ. ಅದೇ ಕಂಪನಿಯ ಅದೇ ಸರಣಿಯ ಬ್ಯಾಟರಿ ಇಲ್ಲಿ ಸಿಗುತ್ತದೆಂದು ಖಾತರಿಯಾದರೆ ಮಾತ್ರ ಬರಿಯ ಯಂತ್ರವನ್ನು ತರಿಸಿ.

7. ಸೂತು, ಇಂಚು, ಮಿಲಿಮೀಟರು

ನಮ್ಮ ಬಡಗಿಗಳು ಇಂದಿಗೂ ಇಂಚು, ಸೂತಿನಲ್ಲೇ ಮಾತಾಡುತ್ತಾರೆ, ಪ್ಲೈವುಡ್ ಮಿಲಿಮೀಟರಿನಲ್ಲಿ ಬರುತ್ತದೆ, ಜಪಾನಿನ ಉಳಿಗಳೂ ಮಿಲಿಮೀಟರಿನವು. ಉಳಿಯ ವಿಷಯದಲ್ಲಿ ಇದರಿಂದ ತೊಂದರೆ ಕಡಿಮೆ. ರೌಟರ್ ಬಿಟ್ಟಿನಲ್ಲಿ ಮಾತ್ರ ಇದು ಕೈಬೆರಳಿನ ಪ್ರಶ್ನೆ. ಕಾಲಿಂಚು ಎಂದರೆ 6.35 ಮಿಲಿಮೀಟರ್, ಅರ್ಧ ಇಂಚು 12.7. ಯುರೋಪಿನ ಬಿಟ್ಟುಗಳ ಕಾಂಡ 6, 8 ಅಥವಾ 12 ಮಿಲಿಮೀಟರಿನದು. 6ರ ಕಾಂಡವನ್ನು ರೌಟರಿನಲ್ಲಿ ಬಿಟ್ಟು ಹಿಡಿಯುವ ಕಾಲಿಂಚಿನ ಕೊಲೆಟ್ಟಿಗೆ ಬಿಗಿದರೆ ಹಿಡಿದಂತೆ ತೋರುತ್ತದೆ, ನಿಮಿಷಕ್ಕೆ 20,000 ಸುತ್ತು ತಿರುಗುವಾಗ ಜಾರಿ ಹೊರಬರುತ್ತದೆ. ನಿಮ್ಮ ಕೊಲೆಟ್ಟಿನ ಅಳತೆ ನೋಡದೆ ಬಿಟ್ಟು ಕೊಳ್ಳಬೇಡಿ.

8. ಹಳೆಯ ಹತ್ತರಿಯ ಆಸೆ

ಲಿಯೊನಾರ್ಡ್ ಬೇಲಿಯ ಹತ್ತರಿ ವಿನ್ಯಾಸವನ್ನು ಅಮೆರಿಕದ ಸ್ಟಾನ್ಲಿ ಕಂಪನಿ 1869ರಲ್ಲಿ ಕೊಂಡುಕೊಂಡಿತು. ಇಂದು ಜಗತ್ತಿನ ಬಹುಪಾಲು ಕಬ್ಬಿಣದ ಹತ್ತರಿಗಳು ಅದೇ ವಂಶದವು. ಎರಡನೆಯ ಮಹಾಯುದ್ಧಕ್ಕೆ ಮೊದಲಿನ ಸ್ಟಾನ್ಲಿ, ಶೆಫೀಲ್ಡಿನ ರೆಕಾರ್ಡ್ ಹತ್ತರಿಗಳ ಮೇಲೆ ನನಗೆ ಬಹಳ ಪ್ರೀತಿ. ಸರಿಯಾಗಿ ಹದಗೊಳಿಸಿದರೆ ಅವು ಹೊಸದಕ್ಕೆ ಸಾಟಿ. ಆದರೂ ಅವನ್ನು ಹೊರದೇಶದಿಂದ ಪಾರ್ಸೆಲ್ಲಿನಲ್ಲಿ ತರಿಸಿ ಎನ್ನಲಾರೆ.

ಮೊದಲನೆಯ ಕಾರಣ ಕಾನೂನು. ಬಂಡವಾಳ ಸರಕಲ್ಲದ ಬಳಸಿದ ವಸ್ತುಗಳ ಆಮದು ನಮ್ಮ ವಿದೇಶ ವ್ಯಾಪಾರ ನೀತಿಯಲ್ಲಿ ನಿರ್ಬಂಧಿತ, ಅನುಮತಿ ಬೇಕು. ಎರಡನೆಯದು ಹಿಡಿ. ಆ ಕಾಲದ ಸ್ಟಾನ್ಲಿ ಹಿಡಿಗಳು ಹಲವು ಬ್ರೆಜಿಲ್ ದೇಶದ ಬೀಟೆಯವು. ಆ ಮರ 1992ರಿಂದ ಅಳಿವಿನಂಚಿನ ಪ್ರಭೇದಗಳ ಅಂತರರಾಷ್ಟ್ರೀಯ ಒಪ್ಪಂದ ಸೈಟ್ಸ್‌ನ ಮೊದಲ ಅನುಬಂಧದಲ್ಲಿದೆ. ಕಾಗದಪತ್ರವಿಲ್ಲದೆ ಗಡಿ ದಾಟಿಸುವಂತಿಲ್ಲ. 2017ರ ಜನವರಿಯಿಂದ ಬೀಟೆಯ ಇಡೀ ಕುಲವೇ ಎರಡನೆಯ ಅನುಬಂಧಕ್ಕೆ ಸೇರಿದೆ. ಬೀಟೆಯ ನಾಡಿನವರಾದ ನಾವು ಈ ನಿಯಮಕ್ಕೆ ಎಲ್ಲರಿಗಿಂತ ಹೆಚ್ಚು ಗೌರವ ಕೊಡಬೇಕು. ಮೂರನೆಯದಾಗಿ, ಸ್ಟಾನ್ಲಿಯವರ ತಿರುಪಿನ ಅಳತೆಗಳು ಅವರದ್ದೇ. ಕಳೆದುಹೋದ ಒಂದು ತಿರುಪು ಯಾವ ಹಾರ್ಡ್‌ವೇರ್ ಅಂಗಡಿಯಲ್ಲೂ ಸಿಗುವುದಿಲ್ಲ.

ಹಳೆಯದೇ ಬೇಕಾದರೆ ಇಲ್ಲೇ ಹುಡುಕಿ. ಬೆಂಗಳೂರಿನ ಭಾನುವಾರದ ಬಜಾರಿನಲ್ಲಿ, ಮುಚ್ಚಿದ ಕಾರ್ಖಾನೆಗಳ ಗುಜರಿಯಲ್ಲಿ, ಹಿರಿಯ ಆಚಾರಿಗಳ ಮನೆಯ ಅಟ್ಟದಲ್ಲಿ ಅವು ಇನ್ನೂ ಇವೆ. ಬಿರುಕಿಲ್ಲದ ಮೈ, ಮುರಿಯದ ಬಾಯಿ ಇದ್ದರೆ ಸಾಕು, ತುಕ್ಕಿಗೆ ಹೆದರಬೇಡಿ.

9. ಬರುವವರ ಸೂಟ್‌ಕೇಸು

ಕ್ಯಾಲಿಫೋರ್ನಿಯಾದಲ್ಲೋ ಲಂಡನ್ನಿನಲ್ಲೋ ಇರುವ ಮಗ, ತಂಗಿ, ಗೆಳೆಯ ಊರಿಗೆ ಬರುವಾಗ ತರಿಸುವುದು ಒಳ್ಳೆಯ ದಾರಿ, ಸಾಗಣೆ ಖರ್ಚು ಉಳಿಯುತ್ತದೆ. ಸುಂಕವಿಲ್ಲದೆ ತರಬಹುದಾದ ಸಾಮಾನಿನ ಮಿತಿ 2016ರ ಬ್ಯಾಗೇಜ್ ನಿಯಮಗಳಲ್ಲಿ 50,000 ರೂಪಾಯಿ ಇತ್ತು. ಹೊರಡುವ ಮೊದಲು ಆಗಿನ ಮಿತಿ ನೋಡಿಕೊಳ್ಳಲಿ. ಬರುವವರು ತರುವ ಬೇರೆ ಹೊಸ ಸಾಮಾನೂ ಆ ಮಿತಿಯಲ್ಲೇ ಸೇರಬೇಕು ಎಂಬುದನ್ನು ಮರೆತು ಉದ್ದನೆಯ ಪಟ್ಟಿ ಕೊಡಬೇಡಿ.

ಉಳಿ, ಗರಗಸ, ಅಲಗು ಯಾವುದೂ ಕೈಚೀಲದಲ್ಲಿ ಬೇಡ, ಎಲ್ಲವೂ ವಿಮಾನದ ಹೊಟ್ಟೆಗೆ ಹೋಗುವ ಚೀಲದಲ್ಲಿ. ಬಿಡಿ ಲಿಥಿಯಂ ಬ್ಯಾಟರಿಗೆ ಇದರ ತಿರುವುಮುರುವು: ಅದು ಕೈಚೀಲದಲ್ಲೇ ಬರಬೇಕು. 100 ವ್ಯಾಟ್-ಗಂಟೆಯವರೆಗೆ ಸಾಮಾನ್ಯವಾಗಿ ಅಡ್ಡಿಯಿಲ್ಲ. 18 ವೋಲ್ಟಿನ 5 ಆ್ಯಂಪಿಯರ್-ಗಂಟೆಯ ಬ್ಯಾಟರಿ 90 ಆಗುತ್ತದೆ, 6ರದು 108. ಎರಡನೆಯದಕ್ಕೆ ವಿಮಾನ ಸಂಸ್ಥೆಯ ಒಪ್ಪಿಗೆ ಬೇಕು. ಬಿಲ್ಲುಗಳನ್ನು ಜೊತೆಯಲ್ಲೇ ಇಟ್ಟುಕೊಳ್ಳಲು ಹೇಳಿ, ಬೇರೆಯವರಿಗೆ ತೊಂದರೆ ಕೊಟ್ಟು ಸಲಕರಣೆ ತರಿಸಬಾರದು.

10. ಪೆಟ್ಟಿಗೆ ಬಿಚ್ಚಿದ ದಿನ

ಪೆಟ್ಟಿಗೆ ಬಿಚ್ಚುವುದನ್ನೇ ಮೊಬೈಲಿನಲ್ಲಿ ಚಿತ್ರೀಕರಿಸಿ. ನೇರ ಪಟ್ಟಿ ಇಟ್ಟು ಹತ್ತರಿಯ ತಳ ನೋಡಿ, ಅಲಗಿನ ಬಾಯಿಯನ್ನು ಬೆಳಕಿಗೆ ಹಿಡಿಯಿರಿ, ಎರಕದಲ್ಲಿ ಗುಳಿ, ಬಿರುಕು ಇವೆಯೇ ಪರೀಕ್ಷಿಸಿ. ದೋಷ ಕಂಡರೆ ಅಂದೇ ಬರೆಯಿರಿ. ಇಡೀ ವಸ್ತುವನ್ನು ವಾಪಸು ಕಳಿಸುವ ಖರ್ಚು ಅದರ ಬೆಲೆಯ ಹತ್ತಿರ ಹೋಗುತ್ತದೆ, ಕಟ್ಟಿದ ಸುಂಕ ಮರಳಿ ಬರುವುದು ದೂರದ ಮಾತು. ಆದ್ದರಿಂದ ಕೆಟ್ಟ ಭಾಗವನ್ನಷ್ಟೇ ಕಳಿಸಿಕೊಡಿ ಎಂದು ಕೇಳುವುದು ಜಾಣತನ. ತಯಾರಕರಿಂದ ನೇರವಾಗಿ, ಇಲ್ಲವೇ ಅವರೇ ಹೆಸರಿಸಿದ ಅಂಗಡಿಯಿಂದ ಕೊಂಡವರಿಗೆ ಉತ್ತರ ಬೇಗ ಬರುತ್ತದೆ. ಕೊಳ್ಳುವ ಮೊದಲು ಒಂದು ಪ್ರಶ್ನೆ ಬರೆದು ನೋಡಿ, ಅದಕ್ಕೆ ಉತ್ತರ ಬಾರದ ಅಂಗಡಿಯಿಂದ ಕೊಂಡ ಮೇಲೂ ಬಾರದು.

ಜಪಾನಿನ ಉಳಿ ಪೆಟ್ಟಿಗೆಯಿಂದ ತೆಗೆದೊಡನೆ ಹೊಡೆಯಲು ಸಿದ್ಧವಿರುವುದಿಲ್ಲ. ಹಿಡಿಯ ತುದಿಯ ಕಬ್ಬಿಣದ ಬಳೆಯನ್ನು ತೆಗೆದು, ಮರವನ್ನು ಸವರಿ, ಬಳೆಯನ್ನು ಕೆಳಗೆ ಕೂರಿಸಿ, ಮೇಲೆ ಉಳಿದ ಮರದ ತುದಿಯನ್ನು ಸುತ್ತಿಗೆಯಿಂದ ಜಜ್ಜಿ ಅಂಚಿಗೆ ಮಡಿಸಬೇಕು. ಇದು ಕೊಳ್ಳುವವನ ಕೆಲಸ. ಜಪಾನಿನ ಹತ್ತರಿಯ ಮೈ ಓಕ್ ಮರದ್ದು, ಮೈಸೂರು, ಬಳ್ಳಾರಿ, ಕಲಬುರಗಿಯ ಫಾಲ್ಗುಣ-ಚೈತ್ರದ ಒಣ ಹವೆಯಲ್ಲಿ ಅದು ಕುಗ್ಗುತ್ತದೆ. ಅಲಗಿನ ಎರಡೂ ಪಕ್ಕ ತುಸು ಎಡೆ ಬಿಡದಿದ್ದರೆ ಮೈ ಸೀಳುತ್ತದೆ. ಬಂದ ಹತ್ತರಿಯನ್ನು ಕೆಲವು ವಾರ ಸುಮ್ಮನೆ ಇಟ್ಟು, ಇಲ್ಲಿಯ ಹವೆಗೆ ಒಗ್ಗಿದ ಮೇಲೆ ಅಲಗು ಹೊಂದಿಸಿ.

ಮಲೆನಾಡು, ಕರಾವಳಿಯವರಿಗೆ ಚಿಂತೆ ಬೇರೆ. ಆಷಾಢ, ಶ್ರಾವಣದ ಮಳೆಯಲ್ಲಿ ಓ-1 ಅಥವಾ ಬಿಳಿ ಕಾಗದದ ಉಕ್ಕನ್ನು ಒಂದು ರಾತ್ರಿ ಹಾಗೇ ಬಿಟ್ಟರೂ ಬೆಳಗ್ಗೆ ಕೆಂಪು ಚುಕ್ಕೆ. ಕೆಲಸ ಮುಗಿದೊಡನೆ ಒರೆಸಿ ತೆಳುವಾಗಿ ಎಣ್ಣೆ ಸವರಬೇಕು. ಜಪಾನಿನವರು ಕ್ಯಾಮೆಲಿಯ ಎಣ್ಣೆ ಬಳಸುತ್ತಾರೆ, ಹೊಲಿಗೆ ಯಂತ್ರದ ಎಣ್ಣೆಯಿಂದಲೂ ನನಗೆ ಅದೇ ಫಲ ಸಿಕ್ಕಿದೆ. ಹೊರದೇಶದಿಂದ ಅಲಗನ್ನು ಸುತ್ತಿ ಕಳಿಸುವ ತುಕ್ಕುನಿರೋಧಕ ಕಾಗದವನ್ನು ಎಸೆಯದೆ ಸಲಕರಣೆಯ ಡ್ರಾಯರಿನಲ್ಲಿ ಹಾಸಿ. ಚರ್ಮದ ಒರೆಯಲ್ಲಿ ಮಳೆಗಾಲದಲ್ಲಿ ಏನನ್ನೂ ಇಡಬೇಡಿ, ಅದು ನೀರು ಹಿಡಿದಿಡುತ್ತದೆ.

11. ಇಲ್ಲಿ ಸಿಗುವುದು ಇಲ್ಲೇ ಸಿಗಲಿ

ಅಮೆರಿಕ, ಯುರೋಪಿನ ಅಂಗಡಿಗಳಲ್ಲಿ ಕಡಿಮೆ ಬೆಲೆಗೆ ಮಾರುವ ಗ್ರೋಜ್ ಹತ್ತರಿ ಭಾರತದ್ದೇ. ಲೋಹದ ಅರಗಳಲ್ಲಿ ನಮ್ಮ ಜೆಕೆ ಫೈಲ್ಸ್ ಜಗತ್ತಿಗೇ ರಫ್ತು ಮಾಡುತ್ತದೆ. ಕ್ಲ್ಯಾಂಪು, ಸುತ್ತಿಗೆ, ಕೊಡತಿ, ಒರಟು ಉಳಿ, ಮೂಲೆಮಟ್ಟ ಇವನ್ನೆಲ್ಲ ಕಡಲು ದಾಟಿಸಿ ತರಿಸುವುದಕ್ಕೆ ಅರ್ಥವಿಲ್ಲ. ಸಾಗರ, ಸೊರಬದ ಗುಡಿಗಾರರ ಕೈಯಲ್ಲಿ ನಾನು ಕಂಡ ಸಣ್ಣ ಉಳಿಗಳು ಊರ ಕುಲುಮೆಯಲ್ಲಿ ಅವರವರ ಕೈಗೆ ತಕ್ಕಂತೆ ಮಾಡಿಸಿದವು. ಗಂಧದ ಕುಸುರಿಗೆ ಅವಕ್ಕಿಂತ ಒಳ್ಳೆಯದನ್ನು ಯಾವ ದೇಶದಿಂದಲೂ ತರಿಸಬೇಕಿಲ್ಲ. ಚನ್ನಪಟ್ಟಣದಲ್ಲಿ ಆಲೆ ಮರ ಕಡೆಯುವವರ ಉಳಿಗಳೂ ಅಂಥವೇ. ಲಾರಿಯ ಸ್ಪ್ರಿಂಗ್ ಪಟ್ಟಿಯಿಂದ ಉಳಿ ಬಡಿದು ಹದ ಕೊಡಬಲ್ಲ ಕಮ್ಮಾರರು ಇನ್ನೂ ಇದ್ದಾರೆ, ಅವರ ಕುಲುಮೆ ಆರದಿರಬೇಕಾದರೆ ನಮ್ಮ ಹಣದಲ್ಲಿ ಒಂದು ಪಾಲು ಅಲ್ಲಿಗೂ ಹೋಗಬೇಕು.

ಹೊರಗಿನಿಂದ ತರಿಸಲೇಬೇಕಾದವು ಕೆಲವಿವೆ. ಫ್ರಾನ್ಸಿನ ಔರಿಯೂ ಕಾರ್ಯಾಗಾರದವರು ರಾಸ್ಪ್ ಎನ್ನುವ ಮರದ ಅರದ ಹಲ್ಲುಗಳನ್ನು ಒಂದೊಂದಾಗಿ ಕೈಯಿಂದ ಎಬ್ಬಿಸುತ್ತಾರೆ. ಸಾಲು ಸಮವಿಲ್ಲದ್ದರಿಂದ ಮರದ ಮೇಲೆ ಗೀರು ಉಳಿಯುವುದಿಲ್ಲ. ಕುರ್ಚಿಯ ಕಾಲು, ವೀಣೆಯ ಕೊರಳು ತಿದ್ದುವವರಿಗೆ ಅದಕ್ಕೆ ಬದಲಿಲ್ಲ. ಕೆತ್ತನೆಗೆ ಸ್ವಿಟ್ಜರ್ಲೆಂಡಿನ ಫೈಲ್ ಕಂಪನಿಯ ಉಳಿಗಳು ಹರಿತವಾಗಿಯೇ ಬರುತ್ತವೆ. ಹತ್ತರಿಯಲ್ಲಿ 1981ರಲ್ಲಿ ಶುರುವಾದ ಅಮೆರಿಕದ ಲೀ-ನೀಲ್ಸನ್, 1978ರಲ್ಲಿ ಶುರುವಾದ ಲೀ ವ್ಯಾಲಿ ಇವೆರಡರಲ್ಲಿ ಯಾವುದನ್ನು ಕೊಂಡರೂ ಮುಂದಿನ ತಲೆಮಾರಿಗೆ ಕೊಡಬಹುದು.

ಮೊದಲ ಸಲ ತರಿಸುವವರಿಗೆ ನನ್ನ ಪಟ್ಟಿ ಚಿಕ್ಕದು: 1000 ಮತ್ತು 6000ದ ಸಾಣೆಕಲ್ಲು, 12 ಮತ್ತು 24 ಮಿಲಿಮೀಟರಿನ ಎರಡು ಒಳ್ಳೆಯ ಉಳಿ, 38 ಮತ್ತು 50 ಡಿಗ್ರಿಯ ಅಲಗುಗಳಿರುವ ಒಂದು ಹತ್ತರಿ, ಒಂದು ರಾಸ್ಪ್. ಇವನ್ನು ಒಂದು ಮಳೆಗಾಲ, ಒಂದು ಬೇಸಿಗೆ ಬಳಸಿ ನೋಡಿ. ಮುಂದಿನದನ್ನು ಆಮೇಲೆ ತರಿಸಿ.